ಕಾಲು ನೋಡಿ ಕಥೆ ಬರೆದವರು

ಕಳೆದ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ನಂಜನಗೂಡಿನಲ್ಲಿ ರಾಜಮ್ಮಣ್ಣಿಯವರು ಬಾಡಿಗೆಗಿದ್ದ ಮನೆ. ಹಾಜರಿದ್ದವರು ಇಬ್ಬರು: ಪಕ್ಕದ ಮನೆಯವಳಾದ ನಾನು, ಮತ್ತು ಬನ್ನೂರಿನಿಂದ ಮೊದಲ ಬಸ್ಸಿಗೆ ಬಂದಿದ್ದ ಅವರ ಅಕ್ಕನ ಮಗಳು ಮಂಗಳಾ. ರಾಜಮ್ಮಣ್ಣಿಯವರು ತೀರಿಕೊಂಡು ಶಿವಗಣಾರಾಧನೆಯೂ ಮುಗಿದಿತ್ತು. ಸಂಜೆಯೊಳಗೆ ಮನೆ ಖಾಲಿ ಮಾಡಬೇಕಿತ್ತು. ನಾನು ಆಯುಸ್ಸೆಲ್ಲ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು. ಹಂಚಿಕೊಳ್ಳದೆ ಕೆಲಸ ಶುರು ಮಾಡುವುದು ನನ್ನಿಂದಾಗದು. ಅಡುಗೆಮನೆ ಮಂಗಳಾಗೆ, ಪುಸ್ತಕದ ಬೀರು ನನಗೆ, ಜಗಲಿ ಕೊನೆಗೆ.

ಆ ಜಗಲಿಯ ಮೇಲೆಯೇ ಅವರ ಮಕ್ಕಳ ಕಾದಂಬರಿಗಳೆಲ್ಲ ತಯಾರಾದದ್ದು. ಭಾನುವಾರ ಬಂದರೆ ಬೀದಿಯ ಮಕ್ಕಳನ್ನು ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸಾಲಾಗಿ ಕೂರಿಸುತ್ತಿದ್ದರು. ತಾವು ಕೆಳಗೆ ಸ್ಟೂಲು ಹಾಕಿಕೊಂಡು ಹೊಸ ಅಧ್ಯಾಯ ಓದುತ್ತಿದ್ದರು. ಓದುತ್ತ ಓದುತ್ತ ಕತ್ತೆತ್ತಿದರೆ ಅವರು ನೋಡುತ್ತಿದ್ದದ್ದು ಮಕ್ಕಳ ಮುಖವನ್ನಲ್ಲ, ಕಾಲನ್ನು. ಕಾಲು ಅಲ್ಲಾಡಿತೋ, ಆ ಸಾಲಿಗೆ ಕೆಂಪು ಪೆನ್ಸಿಲು.

“ಮುಖಕ್ಕೆ ಮರ್ಯಾದೆ ಕಲಿಸಿರ್ತಾರೆ ಸಿಸ್ಟರ್. ಕಾಲಿಗೆ ಯಾರೂ ಕಲಿಸಿರಲ್ಲ,” ಎನ್ನುತ್ತಿದ್ದರು.

ಒಮ್ಮೆ ಒಬ್ಬ ಹುಡುಗ ಗಾಬರಿಯಾಗಿ, “ಅಜ್ಜಿ, ನಂಗೆ ಸೊಳ್ಳೆ ಕಚ್ತು, ಅದ್ಕೆ ಕಾಲಾಡಿಸ್ದೆ. ಆ ಪೇಜು ಒಡೀಬ್ಯಾಡಿ!” ಎಂದ.

“ಕಥೆ ಚೆನ್ನಾಗಿದ್ರೆ ಸೊಳ್ಳೆ ಕಚ್ಚಿದ್ದು ಗೊತ್ತಾಗ್ಬಾರ್ದು ಕಣೋ,” ಎಂದು ಆ ಪುಟವನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದೇ ಹಾಕಿದರು.

ಅವರ ಕಥೆಗಳಲ್ಲಿ ಮಾಟಗಾತಿ ಇಲ್ಲ, ನಿಧಿ ಇಲ್ಲ. ದೊಡ್ಡವರು ಮನೆಯೊಳಗೆ ಮುಚ್ಚಿಟ್ಟ ಒಂದು ಸಂಗತಿ ಇರುತ್ತಿತ್ತು. ಯಾರ ಹೆಸರು ಬಂದರೆ ಅಜ್ಜಿ ಊಟ ಬಿಟ್ಟು ಏಳುತ್ತಾಳೆ, ಮಾವನ ಫೋಟೋದಲ್ಲಿ ಪಕ್ಕ ನಿಂತ ಹುಡುಗ ಯಾರು, ಇಂಥವು. ಮನೆಯ ಮಗು ಅದನ್ನು ಕೆದಕುತ್ತದೆ, ಅಳುತ್ತದೆ, ಕೊನೆಗೆ ತಿಳಿದುಕೊಂಡು ದೊಡ್ಡದಾಗುತ್ತದೆ. ಮಕ್ಕಳಿಗೆ ಇದೆಲ್ಲ ಯಾಕೆ ಎಂದು ಒಬ್ಬ ಮೇಷ್ಟ್ರು ಕೇಳಿದ್ದಕ್ಕೆ, “ನಿಜ ಹೇಳದೆ ಸಾಕಿದ್ರೆ ಮಕ್ಕಳು ಬೆಳೆಯಲ್ಲ ಮೇಷ್ಟ್ರೇ, ಉದ್ದ ಆಗ್ತಾರೆ ಅಷ್ಟೆ,” ಎಂದರು.

ಹೀಗೆನ್ನುವವರ ಮನೆಯ ಸಂಗತಿ ನನಗೆ ಗೊತ್ತಿತ್ತು. ಮಂಗಳಾ ಅವರ ಅಕ್ಕನ ಮಗಳಲ್ಲ, ಅವರದೇ ಮಗಳು. ತಿ. ನರಸೀಪುರದಲ್ಲಿ ನಾನು ಕೆಲಸಕ್ಕಿದ್ದಾಗ ನನ್ನ ಕೈಯಲ್ಲೇ ಹುಟ್ಟಿದ ಕೂಸು. ರಾಜಮ್ಮಣ್ಣಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಬಸುರಿಯಾಗಿದ್ದಾಗಲೇ ಗಂಡ ತೀರಿಕೊಂಡಿದ್ದ. ಬನ್ನೂರಿಗೆ ಕೊಟ್ಟಿದ್ದ ಅಕ್ಕ ಶಿವಮ್ಮಣ್ಣಿಗೆ ಮಕ್ಕಳಿರಲಿಲ್ಲ. ಹಿರಿಯರು ಸೇರಿ ಕೂಸನ್ನು ಅಕ್ಕನ ಮಡಿಲಿಗೆ ಹಾಕಿದರು. ಆಮೇಲೆ ಅಕ್ಕತಂಗಿಯರನ್ನು ನಂಜುಂಡೇಶ್ವರನ ಗುಡಿಗೆ ಕರೆತಂದು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿಸಿದರು: ಮಗುವಿಗೆ ಎಂದೂ ಹೇಳಕೂಡದು.

ವಾರ್ಡಿನಲ್ಲಿ ಕಂಡದ್ದನ್ನು ವಾರ್ಡಿನಲ್ಲೇ ಬಿಟ್ಟು ಬರುವುದು ನಮ್ಮ ಕೆಲಸದ ಮೊದಲ ಪಾಠ. ನಿವೃತ್ತಿಯಾಗಿ ಅವರ ಪಕ್ಕದ ಮನೆಗೆ ಬಂದ ಮೇಲೂ ನಾನಾಗಿ ಆ ಮಾತೆತ್ತಲಿಲ್ಲ. ಒಂದು ದಿನ ಅವರೇ ಎತ್ತಿದರು.

“ಹೇಳಲ್ಲ ಅಂತ ಕರ್ಪೂರ ಆರಿಸಿದ್ದು ಸಿಸ್ಟರ್. ಬರೆಯಲ್ಲ ಅಂತ ಅಲ್ಲವಲ್ಲ? ಒಂದಲ್ಲ ಒಂದು ಪುಸ್ತಕದಲ್ಲಿ ಅವಳೇ ಕಂಡ್ಕೋತಾಳೆ.”

ಅದೇ ಆಸೆಯಲ್ಲಿ ಅವರು ವರ್ಷಗಟ್ಟಲೆ ಬರೆದರು. ಪುಸ್ತಕ ಅಚ್ಚಾದಾಗಲೆಲ್ಲ ಮೊದಲ ಪ್ರತಿ ಬನ್ನೂರಿಗೆ ಹೋಗುತ್ತಿತ್ತು. ಮಂಗಳಾ ಓದುವವಳಲ್ಲ. ನಂಜನಗೂಡಿನ ಹತ್ತಿರದ ತಾಂಡ್ಯದ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಕೆಲಸ. ಷಿಫ್ಟು ಮುಗಿಸಿ ಬಂದರೆ ಚಿಕ್ಕವ್ವನಿಗೆ ಗ್ಯಾಸ್ ಬುಕ್ ಮಾಡಿ, ಮಾತ್ರೆ ತಂದಿಟ್ಟು, ಮಂಡಿಗೆ ಎಣ್ಣೆ ತಿಕ್ಕಿ ಹೊರಡುವಳು. ಪುಸ್ತಕ ಹೇಗಿದೆ ಎಂದರೆ, “ಮೇಲ್ಗಡೆ ಚಿತ್ರ ಚೆಂದಾಗದೆ ಚಿಕ್ಕವ್ವ,” ಎನ್ನುವಳು.

ಶಿವಮ್ಮಣ್ಣಿ ತೀರಿಕೊಂಡ ವರ್ಷ ನಾನು, “ಇನ್ನಾದರೂ ಬಾಯಿಬಿಟ್ಟು ಹೇಳಿಬಿಡಿ,” ಎಂದೆ.

“ಅಕ್ಕ ಹೋದ್ಲು, ಆಣೆ ಎಲ್ಲಿಗೆ ಹೋಗ್ತದೆ ಸಿಸ್ಟರ್? ತಪ್ಪಿದ್ರೆ ತಟ್ಟೋದು ನನಗಲ್ಲ, ಮಗೂಗೆ.”

ಹೋದ ವರ್ಷ ಅವರ ಕಣ್ಣು ಪೂರ್ತಿ ಮಂಜಾಯಿತು. ಬರೆದಿಟ್ಟ ಕೊನೆಯ ಕಾದಂಬರಿಯನ್ನು ಮಕ್ಕಳಿಗೆ ಓದಿ ಹೇಳಲು ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಂಗಳಾಳನ್ನೇ ಜಗಲಿಯ ಅಂಚಿನಲ್ಲಿ ಕೂರಿಸಿ, “ಕಡೇ ಅಧ್ಯಾಯ ಸ್ವಲ್ಪ ಓದವ್ವ, ನಾನು ಕೇಳ್ಬೇಕು,” ಎಂದರು. ಹುಡುಗಿಯೊಬ್ಬಳಿಗೆ ದಿನಾ ಜಡೆ ಹಾಕಲು ಬರುವ ಪಕ್ಕದ ಬೀದಿಯ ಹೆಂಗಸೇ ಹೆತ್ತವಳು ಎಂದು ಆ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ಮಂಗಳಾ ಅಕ್ಷರ ಅಕ್ಷರ ಒತ್ತಿ ಓದಿದಳು. ರಾಜಮ್ಮಣ್ಣಿ ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ಬಾಗಿ, “ಸಿಸ್ಟರ್, ಕಾಲು?” ಎಂದು ಪಿಸುಗುಟ್ಟಿದರು. “ಅಲ್ಲಾಡ್ತಿಲ್ಲ,” ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಓದು ಮುಗಿಯಿತು. ಮಂಗಳಾ ಹಾಳೆಗಳನ್ನು ಅಂಚು ಕೂಡಿಸಿ ಇಟ್ಟಳು.

“ಒಂದ್ ಮಾತು ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಚಿಕ್ಕವ್ವ. ಇದು ಒಪ್ಪಾಕಾಗಾಕಿಲ್ಲ. ಎತ್ತೋಳು ಇಷ್ಟು ಅತ್ರ ಇದ್ಕಂಡು ಸುಮ್ಕಿರ್ತಾಳಾ? ಇದ್ರೆ ಅವ್ಳು ತಾಯಿ ಅಲ್ಲ, ಕಲ್ಲು. ಓದೋ ಮಕ್ಳು ಬಯ್ತಾರೆ. ಎತ್ತಾಗ್ಲೇ ಸತ್ತೋದ್ಲು ಅಂತ ಬರಿ, ಎಲ್ರಿಗೂ ಒಳ್ಳೇದು.”

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಅವನ ದನಿ ದೂರವಾದ ಮೇಲೆ ರಾಜಮ್ಮಣ್ಣಿ ನನ್ನ ಕೈ ಬಿಟ್ಟರು.

“ಸರಿ ಕಣವ್ವ, ಸಾಯಿಸೋಣ,” ಎಂದರು. “ನನಗೆ ಕಣ್ಣು ಕಾಣಲ್ಲ. ನಾನು ಹೇಳ್ತೀನಿ, ನೀನೇ ಬರಿ.”

ಮಂಗಳಾ ಸ್ಟೋರ್ಸ್‌ನ ತನ್ನ ದುಂಡು ಅಕ್ಷರದಲ್ಲಿ ಆ ಹೆಂಗಸಿನ ಸಾವನ್ನು ಬರೆದಳು. ಅರ್ಧ ಪುಟವೂ ಆಗಲಿಲ್ಲ. “ಈಗ ಸರಿಯಾಯ್ತು ನೋಡು,” ಎಂದು ತೃಪ್ತಿಯಿಂದ ಟೀ ಇಡಲು ಒಳಗೆ ಹೋದಳು. ಪುಸ್ತಕ ಹಾಗೆಯೇ ಅಚ್ಚಾಯಿತು. ಅದರ ನಂತರ ರಾಜಮ್ಮಣ್ಣಿ ಏನನ್ನೂ ಬರೆಸಲಿಲ್ಲ. ಭಾನುವಾರ ಬಂದ ಮಕ್ಕಳನ್ನು ನಾನೇ ವಾಪಸು ಕಳಿಸಿದೆ. ಅವರ ಸಮಾಧಿಗೆ ಮಣ್ಣು ಹಾಕುವಾಗ ಮಂಗಳಾ ನೆಂಟರ ಸಾಲಿನಲ್ಲಿ, ಐದಾರು ಜನರ ಹಿಂದೆ ನಿಂತಿದ್ದಳು.

ಮೊನ್ನೆ ಭಾನುವಾರ ಮೂರು ಗಂಟೆಗೆ ಬೀರು ಖಾಲಿಯಾಯಿತು. ಪುಸ್ತಕಗಳನ್ನು ಮೂರು ರಟ್ಟಿನ ಪೆಟ್ಟಿಗೆಗೆ ತುಂಬಿದೆ. ಮಂಗಳಾ ದಾರ ಕಟ್ಟುತ್ತ ಹೇಳಿದಳು: “ಪಾಪ ಚಿಕ್ಕವ್ವ. ಅವ್ರಿಗೂ ಅಂತ ಒಂದು ಮಗು ಇರ್ಬೇಕಾಗಿತ್ತು ಸಿಸ್ಟರಮ್ಮ.”

ನಾನು ಇನ್ನೊಂದು ಪೆಟ್ಟಿಗೆಯನ್ನು ಅವಳ ಮುಂದೆ ಸರಿಸಿದೆ. ಅವಳೇ ಮುಂದುವರಿಸಿದಳು. “ನಾನು ಉಟ್ದಾಗ ನೀವೇ ಅಂತಲ್ಲ ಇದ್ದಿದ್ದು? ಅವ್ವ ಯಾವಾಗ್ಲೂ ಏಳೋಳು, ನನ್ ಎರಾಕೆ ಎರಡು ದಿವ್ಸ ಒದ್ದಾಡ್ಬುಟ್ಲಂತೆ. ನಿಜವಾ?”

ಕರ್ಪೂರ ಆರಿಸಿದವಳು ನಾನಲ್ಲ. ಹೇಳಬಹುದಿತ್ತು. ಹೇಳಿದರೆ ಸಾಕಿದ ಅವ್ವ ಸುಳ್ಳುಗಾರ್ತಿಯಾಗುತ್ತಾಳೆ. ಹೆತ್ತವಳಿಗೆ ಇವಳು ಆಗಲೇ ಕಲ್ಲು ಎಂದು ಹೆಸರಿಟ್ಟಾಗಿತ್ತು, ಅದನ್ನು ಅಳಿಸಿಕೊಳ್ಳಲು ಅವರು ಇನ್ನು ಎದ್ದು ಬರುವುದಿಲ್ಲ. ಇವಳ ಕೈಗೆ ಇಬ್ಬರಲ್ಲಿ ಒಬ್ಬರೂ ಉಳಿಯುವುದಿಲ್ಲ.

“ನಿಜ ಕಣವ್ವ. ಹೆತ್ತವಳು ತುಂಬ ಒದ್ದಾಡಿದ್ಲು,” ಎಂದೆ.

“ನೋಡಿ ಮತ್ತೆ! ಅದ್ಕೇ ನಮ್ಮವ್ವಂಗೆ ನನ್ ಕಂಡ್ರೆ ಪ್ರಾಣ,” ಎಂದು ಗಂಟು ಬಿಗಿದಳು.

ಜಗಲಿ ಗುಡಿಸಿದೆವು. ಐದು ಗಂಟೆಗೆ ಪೆಟ್ಟಿಗೆಗಳ ಜೊತೆ ಅವಳನ್ನು ಆಟೋ ಹತ್ತಿಸಿದೆ. ಮನೆಗೆ ಬಂದು ಕೈಕಾಲು ತೊಳೆದುಕೊಂಡೆ. ಹಾಲಿನವನಿಗೆ ಫೋನ್ ಮಾಡಿ, ನಾಳೆಯಿಂದ ಪಕ್ಕದ ಮನೆಗೆ ಹಾಲು ಹಾಕುವುದು ಬೇಡ ಎಂದು ಹೇಳಿದೆ.