ಇಳಿಜಾರಿನಲ್ಲಿ ಗೇರು ತೆಗೆದವರು

ಹೊಗೆಸೊಪ್ಪನ್ನೆಲ್ಲ ಪಿರಿಯಾಪಟ್ಟಣದ ಹರಾಜಿಗೆ ಹಾಕಿ ಮುಗಿಸಿದ ವಾರವೇ ನಮ್ಮ ಯಜಮಾನರು, ಕಾರಿನಲ್ಲಿ ಮಡಿಕೇರಿಯ ಫಾಲ್ಸ್ ನೋಡಿಕೊಂಡು ಹಾಗೇ ಘಾಟಿ ಇಳಿದು ಮಂಗಳೂರಿನ ಸಮುದ್ರಕ್ಕೆ ಹೋಗೋಣ ಎಂದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಂದ ಯೋಗ! ಮಗಳನ್ನು ಭೇರ್ಯದ ನನ್ನ ತವರಿನಲ್ಲಿ ಬಿಟ್ಟೆವು. ಅವಳು ಅಳಲಿಲ್ಲ, ಅಜ್ಜಿಯ ಸೆರಗು ಹಿಡಿದು ಸುಮ್ಮನೆ ನೋಡಿದಳು.

ಫಾಲ್ಸ್ ಹತ್ತಿರ ನೀರಿನ ತುಂತುರು ಮುಖಕ್ಕೆ ಬಡಿಯುತ್ತಿತ್ತು. ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾನು ಕಂಬಿ ಹಿಡಿದ ಕೈ ಬಿಡಲಿಲ್ಲ. ಬಯಲಲ್ಲಿ ಹುಟ್ಟಿದವಳು, ಆಳ ಕಂಡರೆ ನನಗಾಗದು. "ಏನ್ ಪುಕ್ಲಿ ಕಣಮ್ಮಿ ನೀನು" ಎಂದು ಇವರು ನಗಾಡಿದರು.

ಇಳಿಜಾರು ಕಂಡರೆ ಗೇರು ತೆಗೆದು ಗಾಡಿಯನ್ನು ತಾನಾಗಿ ಓಡಲು ಬಿಡುವುದು ನಮ್ಮ ಕಡೆಯವರ ಚಾಳಿ. ಡೀಸೆಲ್ ಉಳಿಯುತ್ತದಂತೆ! ಊರ ಕೆರೆ ಏರಿಯಿಂದ ಟ್ರ್ಯಾಕ್ಟರ್ ಇಳಿಸಿ ಕಲಿತ ಆ ಬುದ್ಧಿಯನ್ನು ಈ ಮಹಾನುಭಾವರು ಸಂಪಾಜೆ ಘಾಟಿಯಲ್ಲೂ ತೋರಿಸಿದರು. ಬ್ರೇಕಿನ ಮೇಲೆ ಊರಿದ ಕಾಲು ಊರಿದಂತೇ ಇತ್ತು.

ಏಳೆಂಟು ತಿರುವು ಇಳಿಯುವಷ್ಟರಲ್ಲಿ ಸುಟ್ಟ ವಾಸನೆ. ಹೊಗೆಸೊಪ್ಪು ಬೇಯಿಸುವ ಗೂಡಿಗೇ ಬೆಂಕಿ ಬೀಳುವುದನ್ನು ಕಂಡು ಬೆಳೆದವಳಿಗೆ ಆ ವಾಸನೆ ಬಂದರೆ ಎದೆ ಧಸಕ್ಕೆನ್ನುತ್ತದೆ.

"ರೀ, ಏನೋ ಸುಡ್ತಾ ಐತೆ ಕಣ್ರೀ. ನಿಲ್ಸಿ."

"ಯಾವ್ದೋ ಲಾರೀದು. ಸುಮ್ಕಿರು."

ಸುತ್ತ ಒಂದು ಲಾರಿಯೂ ಇರಲಿಲ್ಲ. ಗಾಡಿ ಮಾತ್ರ ಜೋರಾಗುತ್ತಾ ಹೋಯಿತು. ಬಲಕ್ಕೆ, ರಸ್ತೆಯಾಚೆ, ಮರಗಳ ತುದಿಯಷ್ಟೇ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ.

"ಮೈ ಮ್ಯಾಲೆ ಗ್ಯಾನ ಐತಾ ನಿಮ್ಗೆ? ಮಗ್ಳನ್ನ ತಬ್ಲಿ ಮಾಡ್ಬೇಕು ಅಂತಿದ್ದೀರಾ?" ಎಂದು ಬಾಯಿಗೆ ಬಂದ ಹಾಗೆ ಬೈದೆ. ಇವರು ಉಸಿರೆತ್ತಲಿಲ್ಲ. ಬೈಸಿಕೊಂಡು ಸುಮ್ಮನಿರುವ ಗಂಡಸೇ ಅಲ್ಲ. ಅದಕ್ಕೇ ನನಗೆ ಜೀವ ಬಾಯಿಗೆ ಬಂತು.

ಆಮೇಲೆ ಗೇರು ಹಾಕಿದರು, ಇಂಜಿನ್ ಕಿರುಚಿಕೊಂಡಿತು. ಗಾಡಿ ಎಡಗಡೆಯ ಮಣ್ಣಿನ ದಿಣ್ಣೆಗೆ ಉಜ್ಜಿಕೊಂಡು ಹೋಗಿ, ಒಂದು ಚಕ್ರ ಚರಂಡಿಗಿಳಿದು ನಿಂತಿತು. ಚಕ್ರಗಳಿಂದ ಹೊಗೆ. ಕೆಳಗಿನಿಂದ ಹತ್ತಿ ಬರುತ್ತಿದ್ದ ಲಾರಿಯೊಂದರ ಡ್ರೈವರ್ ಇಳಿದು ಬಂದು ನೋಡಿದ. "ನ್ಯೂಟ್ರಲ್‌ನಲ್ಲಿ ಇಳಿಸಿದ್ರಾ? ಘಾಟಿಯಲ್ಲಿ ಹಾಗೆ ಮಾಡ್ಲಿಕ್ಕುಂಟಾ ಮಾರಾಯ್ರೆ! ಬ್ರೇಕು ಕಾದು ಹೋಗಿದೆ" ಎಂದ. ಗಾಡಿಯನ್ನು ಚರಂಡಿಯಿಂದ ಎಳೆದುಕೊಟ್ಟು, ಪೂರಾ ತಣಿದ ಮೇಲೆ ಎರಡನೇ ಗೇರಿನಲ್ಲೇ ಇಳಿಯಿರಿ ಎಂದು ಹೇಳಿ ಹೋದ. ಹಾಗೇ ಇಳಿದೆವು.

ಸಂಜೆ ಸಮುದ್ರದ ಮುಂದೆ ಮರಳ ಮೇಲೆ ಕೂತೆವು. ತಡೆಯಲಾರದೆ ಹೇಳಿಬಿಟ್ಟೆ.

"ಬೇಜಾರ್ ಮಾಡ್ಕೋಬೇಡಿ. ನಿಮ್ಮನ್ನ ಬುಟ್ಟು ನಾನು ಎಗರೋದ್ರಲ್ಲಿದ್ದೆ. ಬಾಗ್ಲಿಗೆ ಕೈ ಹಾಕಿದ್ದೆ. ಮಗೀಗೆ ಒಬ್ರಾದ್ರೂ ಉಳೀಲಿ ಅಂತ."

ಇವರು ಮರಳು ಕೆದಕುತ್ತಾ ಕೂತಿದ್ದರು.

"ಗೊತ್ತು ಕಣಮ್ಮಿ. ನೀನು ಬೈಯಕ್ಕೆ ಎಲ್ಡು ತಿರುವು ಮುಂಚೇನೇ ಬ್ರೇಕು ಹೋಗಿತ್ತು. ನಿನ್ ಬಾಗ್ಲು ಲಾಕು ತಗ್ದೋನೇ ನಾನು. ಎಗರು ಅನ್ನಕ್ಕೆ ಬಾಯಿ ಬರ್ನಿಲ್ಲ."

ಅವರ ಬೆನ್ನಿಗೆ ಗುದ್ದಿದೆ. ಎರಡು ಮೂರು ಸಲ ಗುದ್ದಿ, ಜನ ನೋಡುತ್ತಿದ್ದರೂ ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ.