ಉಪ್ಪಿನ ಡಬ್ಬಿಗೆ ಬಿಳಿ ಜೇನು

ಅಮೆರಿಕದ ಶೋರ್‌ಲೈನಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ದಿನ, ರಸ್ತೆ ಬದಿ ನಡೆಯುತ್ತಿದ್ದವಳು ಗಕ್ಕನೆ ನಿಂತು ಸೀನಿದೆ. ಒಂದಲ್ಲ, ಮೇಲಿಂದ ಮೇಲೆ. ಕಣ್ಣಲ್ಲೂ ನೀರು, ಮೂಗಲ್ಲೂ ನೀರು. ನೆಗಡಿಯಲ್ಲ, ಎಲ್ಲೋ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಘಾಟು ಗೊತ್ತಾಗದೆ ಇರುತ್ತದೆಯೇ? ಸುಗ್ಗಿಯಲ್ಲಿ ನಮ್ಮೂರ ಪೇಟೆಗೆ ಹೊಸಬರು ಬಂದರೆ ಮೊದಲು ಸೀನುತ್ತಾರೆ, ಆಮೇಲೆ ನಮಸ್ಕಾರ ಅನ್ನುತ್ತಾರೆ. ಆದರೆ ನಾಲ್ಕೂವರೆಗೇ ಕತ್ತಲಾಗುವ, ಮಳೆ ಕೂಡ ಸದ್ದಿಲ್ಲದೆ ಬೀಳುವ ಈ ಊರಿನಲ್ಲಿ ಮೆಣಸಿನಕಾಯಿ ಹುರಿಯುವ ಪುಣ್ಯಾತಗಿತ್ತಿ ಯಾರಪ್ಪಾ ಎಂದು ಮೂಗು ತೋರಿಸಿದ ಕಡೆ ನಡೆದೆ.

ಸಣ್ಣದೊಂದು ಕಿರಾಣಿ ಅಂಗಡಿ. ಹಿಂದುಗಡೆ ಒಲೆ. ಬಿಳಿ ಶಾಲು ಹೊದ್ದ, ಅರವತ್ತರ ಹತ್ತಿರದ ಹೆಂಗಸೊಬ್ಬಳು ಕಾವಲಿಯ ಮೇಲೆ ಕೆಂಪು ಕಾಯಿ ಆಡಿಸುತ್ತಿದ್ದಳು. ನನ್ನ ಮುಖ ನೋಡಿ ಟಿಶ್ಯೂ ಚಾಚಿದಳು.

"ಅಳಾಕತ್ತೀಯೋ, ಸೀನಾಕತ್ತೀಯೋ?"

"ಎರಡೂ" ಎಂದೆ.

ಆಡಿದ್ದು ಇಂಗ್ಲಿಷಿನಲ್ಲಿ. ನಮ್ಮಿಬ್ಬರದೂ ಹರುಕು ಮುರುಕು ಇಂಗ್ಲಿಷ್; ಅದನ್ನು ಇದ್ದಂತೆ ಬರೆದರೆ ಇಬ್ಬರ ಮರ್ಯಾದೆಯೂ ಹೋಗುತ್ತದೆ. ನನ್ನ ನೆನಪಿನಲ್ಲಿ ಅವಳು ಬ್ಯಾಡಗಿಯ ಮಾತನ್ನೇ ಆಡುತ್ತಾಳೆ. ಹಾಗೆಯೇ ಬರೆಯುತ್ತೇನೆ.

ಅವಳ ಹೆಸರು ಲೆತೆಬ್ರಹಾನ್. ಎಲ್ಲರೂ ಲೆತೆ ಎನ್ನುತ್ತಾರೆ, ನಾನು ಲೆತೆ ಅಕ್ಕ ಎನ್ನುತ್ತೇನೆ. ಇಥಿಯೋಪಿಯಾದ ಉತ್ತರದ ಅಂಚಿನ ಅಡಿಗ್ರಾತ್ ಅವಳ ಊರು. ಹುರಿಯುತ್ತಿದ್ದದ್ದು ಬೆರ್ಬೆರೆಗೆ. ಬೆರ್ಬೆರೆ ಎಂದರೆ ಬೇರೇನಲ್ಲ, ನಮ್ಮ ಮಸಾಲೆ ಖಾರದ ದಾಯಾದಿ.

ನಮ್ಮವರಿಗೆ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ದಾರಿ ಹತ್ತಿರವಾಗುತ್ತದೆಂದು ಶೋರ್‌ಲೈನಿನಲ್ಲಿ ಮನೆ ಹಿಡಿದೆವು. ಕನ್ನಡದವರೆಲ್ಲ ಕೆರೆಯ ಆಚೆ ಬೆಲ್‌ವ್ಯೂ ಕಡೆ. "ನಮ್ಮ ಕ್ರಾಸ್‌ರೋಡ್ಸ್ ಏರಿಯಾಗೆ ಬಂದ್ಬಿಡಿ, ವಾಕ್ ಹೋದ್ರೆ ನಮ್ಮೋರೇ ಸಿಗ್ತಾರೆ" ಎಂದು ಹಬ್ಬದಲ್ಲಿ ಸಿಕ್ಕ ಮೈಸೂರಿನ ಹೆಂಗಸು ಹೇಳಿದ್ದರು. ನಾವು ಹೋಗಲಿಲ್ಲ. ಇವರ ಹೆಂಡತಿ ಎಂಬ ವೀಸಾದ ಮೇಲೆ ಬಂದ ನಾನು ಆಗ ಕೆಲಸ ಮಾಡುವಂತಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಅಪ್ಪನ ದಲಾಲಿ ಅಂಗಡಿಯಲ್ಲಿ ರಾಶಿಯ ಮುಂದೆ ನಿಂತು, ಕಾಯಿಯ ತೊಟ್ಟು ಮುರಿದು ನೋಡಿ ಮಾಲು ಇಂಥದ್ದು ಎಂದು ಹೇಳುತ್ತಿದ್ದವಳು ನಾನು. ಇಲ್ಲಿ ಹೀಟರಿನ ಮುಂದೆ ಕೂತು ಗೋಡೆ ನೋಡುತ್ತಿದ್ದೆ. ದಿನವಿಡೀ ಕನ್ನಡ ಆಡದೆ ಸಂಜೆ ಇವರು ಬಂದಾಗ ಬಾಯಿ ತೆರೆದರೆ ಗಂಟಲು ಕರಕರ ಎನ್ನುತ್ತಿತ್ತು. ಲೆತೆಯ ಅಂಗಡಿ ಸಿಗದಿದ್ದರೆ ಆ ಚಳಿಗಾಲದಲ್ಲಿ ನನಗೆ ಹುಚ್ಚು ಹಿಡಿಯುತ್ತಿತ್ತು, ಸುಳ್ಳಲ್ಲ.

ಮೊದಮೊದಲು ಸುಮ್ಮನೆ ಹೋಗಿ ಕೂರುತ್ತಿದ್ದೆ. ಅವರಲ್ಲಿ ಕಾಫಿ ಮೂರು ಸುತ್ತು. ಹಸಿ ಬೀಜವನ್ನು ನಮ್ಮೆದುರೇ ಹುರಿದು, ಕುಟ್ಟಿ, ಕರಿ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಮೂರನೆಯ ಸುತ್ತಿಗೆ ಬೆರೆಕಾ ಎಂದು ಹೆಸರು; ಆಶೀರ್ವಾದ ಎಂದರ್ಥ. ಅದಕ್ಕೂ ಮುಂಚೆ ಎದ್ದರೆ ಲೆತೆ ಹುಬ್ಬು ಗಂಟಿಕ್ಕುತ್ತಿದ್ದಳು. ಇಂಜೆರಾ ಎಂಬ ಅವರ ತಣ್ಣನೆಯ ಹುಳಿ ದೋಸೆ ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲ. ರಾಗಿಗಿಂತ ಸಣ್ಣ ಕಾಳು, ಟೆಫ್ ಎನ್ನುತ್ತಾರೆ, ಅದರ ಹಿಟ್ಟು ಹುದುಗಿಸಿ ಮಾಡುವುದು. ತಿಂಗಳೊಪ್ಪತ್ತಿನಲ್ಲಿ ಅದಿಲ್ಲದೆ ನನಗೆ ಶನಿವಾರ ಕಳೆಯದಾಯಿತು. ಕೆಲಸದ ಪರವಾನಗಿ ಬಂದ ಮೇಲೆ ಅವಳ ಅಂಗಡಿಯಲ್ಲೇ ಗಲ್ಲೆಗೆ ಕೂತೆ. ಅಪ್ಪನಿಂದ ಬ್ಯಾಡಗಿ ಕಾಯಿ ತರಿಸಿಕೊಟ್ಟೆ. ಅದರ ಬಣ್ಣಕ್ಕೆ ಲೆತೆಯ ಗಿರಾಕಿಗಳು ಮರುಳಾದರು. ಅಮೆರಿಕದಲ್ಲಿ ನಾನು ಗೆದ್ದದ್ದು ಏನಾದರೂ ಇದ್ದರೆ ಅದೊಂದೇ. "ಏನ್ರೀ, ಆಫ್ರಿಕನ್ ಅಂಗಡೀಲಿ ಕೆಲ್ಸ ಮಾಡ್ತಿದೀರಂತೆ?" ಎಂದು ಆ ಮೈಸೂರಿನ ಹೆಂಗಸು ಫೋನಿನಲ್ಲಿ ಕೇಳಿದರು. ಹೌದ್ರೀ, ಬನ್ನಿ, ಖಾರ ಕೊಡ್ತೀನಿ ಎಂದೆ.

ಆ ಅಂಗಡಿಯಲ್ಲಿ ಎರಡು ಮೇಜು. ಕಿಟಕಿಯ ಹತ್ತಿರದ್ದರಲ್ಲಿ ಎರಿಟ್ರಿಯಾದವರು, ಒಲೆಯ ಹತ್ತಿರದ್ದರಲ್ಲಿ ಇಥಿಯೋಪಿಯಾದವರು. ಯಾರೂ ಬೋರ್ಡು ಹಾಕಿರಲಿಲ್ಲ. ತಿನ್ನುವುದು ಒಂದೇ ಇಂಜೆರಾ, ಬಹಳಷ್ಟು ಜನ ಆಡುವುದೂ ಒಂದೇ ತಿಗ್ರಿನ್ಯಾ ಭಾಷೆ. ಆದರೂ ಈ ಮೇಜಿನವರು ಆ ಮೇಜಿಗೆ ಉಪ್ಪು ದಾಟಿಸುತ್ತಿರಲಿಲ್ಲ. ಲೆತೆ ಮಾತ್ರ ಎರಡೂ ಕಡೆ ಒಂದೇ ಹೂಜಿಯಿಂದ ಸುರಿಯುತ್ತಿದ್ದಳು. ಏನಕ್ಕಾ ಇದು ಎಂದು ಕೇಳಿದ ದಿನ ಅವಳು ಕಪಾಟಿನಿಂದ ಹಳದಿ ಬಣ್ಣ ಮಾಸಿದ ಒಂದು ತಗಡಿನ ಡಬ್ಬಿ ಇಳಿಸಿದಳು.

ಲೆತೆಯ ಅಕ್ಕ ಅಬೆಬಾ. ಗಡಿಯ ಆಚೆ, ಎರಿಟ್ರಿಯಾದ ಸೆನಾಫೆ ಊರಿಗೆ ಮದುವೆಯಾಗಿ ಹೋದವಳು. ಆಗ ಗಡಿ ಎಂದರೆ ಹೆಸರಿಗಷ್ಟೆ. ಈ ಕಡೆಯಿಂದ ಟೆಫ್, ಜೇನು, ಬೆಣ್ಣೆ ಹೋಗುತ್ತಿತ್ತು. ಆ ಕಡೆಯಿಂದ ಸಮುದ್ರದ ಉಪ್ಪು, ಬಟ್ಟೆ, ಚಪ್ಪಲಿ ಬರುತ್ತಿತ್ತು. ಅಕ್ಕತಂಗಿಯರದೂ ಅದೇ ವ್ಯಾಪಾರ. ಒಬ್ಬಳ ಮಾಲು ಇನ್ನೊಬ್ಬಳು ಮಾರುತ್ತಿದ್ದಳು. ಬಸ್ಸಿನವರ ಕೈಯಲ್ಲಿ ಮೂಟೆಯ ಜೊತೆಗೆ ಈ ಡಬ್ಬಿಯೂ ಓಡಾಡುತ್ತಿತ್ತು, ಅದು ಮಾರುವುದಕ್ಕಲ್ಲ, ಮನೆಗೆ. ಅಬೆಬಾ ಉಪ್ಪು ತುಂಬಿ ಕಳಿಸಿದರೆ ಲೆತೆ ತಮ್ಮೂರಿನ ಬಿಳಿ ಜೇನು ತುಂಬಿ ತಿರುಗಿ ಕಳಿಸುವುದು. ಖಾಲಿ ಕಳಿಸಬಾರದು. ಅದು ಅವರಿಬ್ಬರ ಕಟ್ಟಳೆ.

"ನಮ್ಮಲ್ಲೂ ಹಂಗ ಅಕ್ಕಾ. ನೆರಿಮನಿ ಬಟ್ಟಲಾ ಖಾಲಿ ಕೊಟ್ರ ನಮ್ಮವ್ವ ಸುಮ್ಮನ ಬಿಡಂಗಿಲ್ಲ, ಚಿಟಿಕಿ ಸಕ್ರಿ ಆದ್ರೂ ಹಾಕಬೇಕು."

"ಮತ್ತ! ಖಾಲಿ ಕೊಟ್ರ ಸಂಬಂಧ ಮುಗೀತು ಅಂದಂಗ" ಎಂದಳು ಲೆತೆ.

ಆಮೇಲೆ, ಇಥಿಯೋಪಿಯಾದಿಂದ ಆಗಷ್ಟೇ ಬೇರೆ ದೇಶವಾಗಿದ್ದ ಎರಿಟ್ರಿಯಾ ತನ್ನದೇ ನಾಣ್ಯ ತಂದಿತು. ಯಾರ ರೊಕ್ಕ ಯಾರಲ್ಲಿ ಎಷ್ಟಕ್ಕೆ ನಡೆಯಬೇಕೆಂಬ ಜಗಳದಲ್ಲಿ ಮೊದಲು ವ್ಯಾಪಾರ ಕುಂಟಿತು, ಮರುವರ್ಷ ಯುದ್ಧವೇ ಬಂತು. ರಸ್ತೆ ಮುಚ್ಚಿತು, ಫೋನೂ ಸತ್ತಿತು. ಕೊನೆಯ ಬಸ್ಸಿನಲ್ಲಿ ಉಪ್ಪು ತುಂಬಿಕೊಂಡು ಬಂದ ಡಬ್ಬಿ ಲೆತೆಯಲ್ಲೇ ಉಳಿಯಿತು. ಅವಳು ಅಮೆರಿಕಕ್ಕೆ ಬರುವಾಗ ಅದನ್ನೂ ಹೊತ್ತು ತಂದಳು. ಇಪ್ಪತ್ತು ವರ್ಷ ಅಕ್ಕ ಇದ್ದಾಳೋ ಇಲ್ಲವೋ ತಿಳಿಯದು.

2018ರ ಜುಲೈನಲ್ಲಿ ಎರಡು ದೇಶಗಳೂ ರಾಜಿಯಾದವು. ಫೋನು ಶುರುವಾದ ವಾರವೇ ಲೆತೆಯ ತಮ್ಮ ಅಡಿಗ್ರಾತ್‌ನಿಂದ ಅಬೆಬಾಳ ನಂಬರ್ ಹುಡುಕಿ ಕೊಟ್ಟ. ಲೆತೆ ಅಂಗಡಿಯಲ್ಲೇ ಕೂತು ಫೋನು ಮಾಡಿದಳು. ಎರಡೂ ಮೇಜಿನವರು ಎದ್ದು ಬಂದು ಸುತ್ತ ನಿಂತಿದ್ದರು. ಆ ಕಡೆಯಿಂದ ಒಂದು ಮುದಿ ದನಿ ಏನೋ ಕೇಳಿತು. ಲೆತೆ ಅಳುತ್ತಲೇ ನಗತೊಡಗಿದಳು.

"ಏನಂದ್ಲಕ್ಕಾ?"

"ನನ್ನ ಡಬ್ಬಿ ಎಲ್ಲೇ, ಕಳ್ಳಿ? ಅಂದ್ಲು."

ಸೆಪ್ಟೆಂಬರಿನಲ್ಲಿ ರಸ್ತೆಯೂ ತೆರೆಯಿತು. ಕಾಗದಪತ್ರ ಯಾರೂ ಕೇಳುತ್ತಿರಲಿಲ್ಲ. ಟೆಫ್ ತುಂಬಿದ ಲಾರಿಗಳು ಸೆನಾಫೆಗೆ, ಸೆನಾಫೆಯ ಜನ ಅಡಿಗ್ರಾತ್‌ನ ಪೇಟೆಗೆ. ಲೆತೆಯ ತಮ್ಮ ಕಳಿಸಿದ ವಿಡಿಯೋದಲ್ಲಿ ಲಾರಿಯ ಸಿಮೆಂಟು ಚೀಲಗಳ ಮೇಲೆ ನಿಂತು ಜನ ಕುಣಿಯುತ್ತಿದ್ದರು. ನಮ್ಮ ಅಂಗಡಿಯಲ್ಲಿ ಎರಡು ಮೇಜು ಜೋಡಿಸಿದೆವು. ನಾನು ಖುಷಿಯಿಂದ ಬ್ಯಾಡಗಿಗೆ ಫೋನು ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಜೀವಮಾನವೆಲ್ಲ ಪೇಟೆಯಲ್ಲೇ ಕಳೆದವನು.

"ತೂಕದ ಕಟ್ಟಿ ಎಲ್ಲೈತಿ? ಸುಂಕದ ಕಟ್ಟಿ ಎಲ್ಲೈತಿ? ಒಬ್ಬರ ರೊಕ್ಕ ಇನ್ನೊಬ್ಬರಿಗೆ ಎಷ್ಟಕ್ಕ ಅಂತ ಯಾರರ ಗೊತ್ತು ಮಾಡ್ಯಾರೇನ?"

"ಏನೂ ಇಲ್ಲಪ್ಪಾ. ಸುಮ್ಮನ ಹೋಗತಾರ, ಬರತಾರ."

"ಹಂಗಾರ ಅದು ಪ್ಯಾಟಿ ಅಲ್ಲ ಗಿರಿಜವ್ವಾ, ಮದುವಿ ಮನಿ. ನಾಕ್ ದಿನ ಗದ್ದಲ ಇರತೈತಿ, ಆಮ್ಯಾಲ ಹಂದರ ಬಿಚ್ಚತಾರ. ಆ ಅಕ್ಕಗ ಲಗೂನ ಹೋಗು ಅಂತ ಹೇಳು."

ಹೇಳಿದೆ. ಗಾಳಿ ಬಂದಾಗ ತೂರಿಕೋ ಅಕ್ಕಾ ಎಂದೆ. ವಿಮಾನದಲ್ಲಿ ನೇರ ಎರಿಟ್ರಿಯಾಕ್ಕೆ ಹೋಗಲು ವೀಸಾ ಬೇಕು, ಅದು ತನಗೆ ಸಿಗುವ ಮಾತಲ್ಲ ಎಂದು ಲೆತೆ ನಂಬಿದ್ದಳು. ರಸ್ತೆಗಾದರೆ ಏನೂ ಬೇಡ. ಅಬೆಬಾಳಿಗೆ ಮೊಣಕಾಲು ಬಿದ್ದು ಹೋಗಿತ್ತು, ಅವಳು ಹಾಸಿಗೆ ಬಿಟ್ಟು ಬರುವಂತಿರಲಿಲ್ಲ. ಹೋಗಬೇಕಾದವಳು ಲೆತೆಯೇ.

"ಈಗ ಹೋಗಿ ಏನ್ ಮಾಡ್ಲಿ? ಬಿಳಿ ಜೇನು ಬಿಡಸೂದು ಮಳಿಗಾಲ ಮುಗದ ಮ್ಯಾಲ. ಡಬ್ಬಿ ಖಾಲಿ ಒಯ್ಯಲೇನ?"

"ಸಕ್ರಿ ಹಾಕ್ಕೊಂಡು ಹೋಗ. ಅಂಗಡಿ ಜೇನು ಹಾಕ್ಕೊಂಡು ಹೋಗ!"

"ಇಪ್ಪತ್ತು ವರ್ಷ ಕಾಯಿಸೀನಿ. ಅಂಗಡಿ ಜೇನು ಕೊಟ್ರ ಅಕ್ಕ ಮಾರಿಗೆ ಉಗಳ್ತಾಳ" ಎಂದು ನಕ್ಕಳು. ಜನವರಿಯಲ್ಲಿ ಬರುವ ಅವರ ಕ್ರಿಸ್‌ಮಸ್ಸಿಗೆ ಟಿಕೆಟ್ ತೆಗೆದಳು. ಹಬ್ಬಕ್ಕೂ ಆಯಿತು, ಹೊಸ ಜೇನಿಗೂ ಆಯಿತು. ನಾನೇನು ಹೇಳಲಿ? ನಾನೂ ಅವಳ ಜಾತಿಯವಳೇ. ಅವ್ವ ಖಾರ ತುಂಬಿ ಕೊಟ್ಟಿದ್ದ ಸ್ಟೀಲ್ ಡಬ್ಬಿ ನಾಲ್ಕು ವರ್ಷದಿಂದ ನನ್ನ ಅಡುಗೆಮನೆಯಲ್ಲಿ ಬರಿದಾಗಿ ಕೂತಿತ್ತು. ಗ್ರೀನ್ ಕಾರ್ಡ್ ಬರಲಿ, ನಾಲ್ಕು ಜನ ಮೆಚ್ಚುವ ಹಾಗೆ ಹೋಗೋಣ ಎಂದು ನಾನೂ ಕಾಯುತ್ತಿದ್ದೆ. ವೀಸಾ ನವೀಕರಣ ಅರ್ಧಕ್ಕೆ ನಿಂತಿದೆ, ದೇಶ ಬಿಟ್ಟರೆ ತಿರುಗಿ ಒಳಗೆ ಬರುವುದು ಕಷ್ಟ ಎಂದು ಇವರೂ ಹೆದರಿಸಿದ್ದರು.

ಡಿಸೆಂಬರಿನ ಕೊನೆಯ ವಾರ ತಮ್ಮನ ಫೋನು ಬಂತು. ದಾರಿ ಕಟ್ಟಿದ್ದಾರೆ, ಪರವಾನಗಿ ಇಲ್ಲದವರನ್ನು ಬಿಡುತ್ತಿಲ್ಲ, ಪರವಾನಗಿ ಯಾರು ಕೊಡುತ್ತಾರೆಂದು ಯಾರಿಗೂ ಗೊತ್ತಿಲ್ಲ. ಅಪ್ಪ ಹೇಳಿದ ಹಂದರ ಬಿಚ್ಚಿತ್ತು. ನನಗೆ ಅಪ್ಪನ ಮೇಲೇ ಸಿಟ್ಟು ಬಂತು.

ಲೆತೆ ಆದರೂ ಹೋದಳು. ತಮ್ಮ ಬಿಳಿ ಜೇನು ತಂದಿಟ್ಟಿದ್ದ, ಡಬ್ಬಿಯ ಕಂಠದವರೆಗೂ ತುಂಬಿದಳು. ಗಡಿಯವರೆಗೆ ಹೋಗಿ, ಬೇಡಿಕೊಂಡು, ಗದರಿಸಿಕೊಂಡು, ಆಚೆಯ ಗುಡ್ಡ ನೋಡಿ ತಿರುಗಿದಳು. ಯಾರ ಕೈಯಲ್ಲಾದರೂ ಡಬ್ಬಿ ಕಳಿಸಬಹುದಿತ್ತಲ್ಲ ಎಂದರೆ, ಹೋಗುವವರೇ ಇರಲಿಲ್ಲ ಎಂದಳು. ಹಾಗೆಯೇ ತುಂಬಿದ ಡಬ್ಬಿ ಶೋರ್‌ಲೈನಿಗೆ ವಾಪಸು ಬಂತು. ಒಂದು ತಿಂಗಳಲ್ಲಿ ಜೇನು ಸುಣ್ಣದ ಹಾಗೆ ಗಟ್ಟಿಯಾಯಿತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಜೋಡಿಸಿದ್ದ ಮೇಜುಗಳು ಯಾವಾಗ ಬೇರೆಯಾದವೋ ನಾನು ನೋಡಲಿಲ್ಲ.

ಫೋನು ಮಾತ್ರ ನಡೆಯುತ್ತಿತ್ತು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಲೆತೆ ಅಬೆಬಾಳ ಜೊತೆ ಮಾತಾಡುತ್ತಿದ್ದಳು. ಫೋನಿಟ್ಟ ಮೇಲೆ ಕಾವಲಿ ಕಾಯುತ್ತಲೇ ಇದ್ದರೂ ಕಾಯಿ ಹಾಕಲಿಲ್ಲ.

"ಅಬೆಬಾಗ ಉಸಿರಾಟ ಸರಿ ಇಲ್ಲಂತ. ಡಬ್ಬಿ ತುಂಬಿ ಇಟ್ಟೀನಿ, ನೀ ಗಟ್ಟಿ ಇರು ಅಂದೆ."

"ಏನಂದ್ಲು?"

"ಖಾಲೀನ ತಂದಿದ್ರ ಆಗ್ತಿತ್ತಲ್ಲೇ, ಹುಚ್ಚೀ. ನನಗ ಜೇನು ಬೇಕಿತ್ತೇನ? ಅಂದ್ಲು."

ಅವಳ ಕೈ ಹಿಡಿದುಕೊಂಡು ನಿಂತೆ, ಕಾವಲಿ ಹೊಗೆಯಾಡುವವರೆಗೆ.

ಅಬೆಬಾ ಮೇ ತಿಂಗಳಲ್ಲಿ ತೀರಿಕೊಂಡಳು. ಸುದ್ದಿ ಎಷ್ಟು ಬೇಗ ಬಂತೆಂದರೆ, ಮಣ್ಣು ಮಾಡುವುದಕ್ಕೂ ಮುಂಚೆ ನಮಗೆ ಗೊತ್ತಿತ್ತು. ಆವತ್ತು ಎರಡೂ ಮೇಜಿನವರು ಬಂದು ಮೂರೂ ಸುತ್ತು ಕೂತರು.

ನಾನು ಇವರಿಗೆ ಹೇಳಿದೆ, ನಾನು ಊರಿಗೆ ಹೋಗುತ್ತೇನೆ, ಒಳಗೆ ಬಿಟ್ಟರೆ ಬರುತ್ತೇನೆ, ಬಿಡದಿದ್ದರೆ ನೀವೇ ಬನ್ನಿ ಎಂದು. ಅವ್ವನ ಡಬ್ಬಿಯನ್ನು ಖಾಲಿಯೇ ಪೆಟ್ಟಿಗೆಯಲ್ಲಿಟ್ಟೆ. ಬ್ಯಾಡಗಿಯಲ್ಲಿ ಇಳಿದಾಗ ಘಾಟಿಗೆ ನಾನೇ ಸೀನಿದೆ, ಹೊಸಬರ ಹಾಗೆ. ಅಪ್ಪ ನಕ್ಕ. ಅವ್ವ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದಳು, ನನ್ನ ಮುಖ ನೋಡಿದಳು.

"ಅಮೇರಿಕದಿಂದ ಖಾಲಿ ಡಬ್ಬಿ ತಂದೀಯೇನ? ಬುದ್ಧಿಗಿದ್ಧಿ ಐತಿಲ್ಲ ನಿನಗ?"

ಹೊರಡುವ ದಿನ ಅದೇ ಡಬ್ಬಿಗೆ ಖಾರ ಒತ್ತಿ ಒತ್ತಿ ತುಂಬಿ ಕೊಟ್ಟಳು. ವೀಸಾ ಮುದ್ರೆಗೆ ಕಾದದ್ದು, ಬೈಗುಳ ತಿಂದದ್ದು ಎಲ್ಲ ಮುಗಿಸಿ ತಿರುಗಿ ಶೋರ್‌ಲೈನಿಗೆ ಬಂದೆ. ವಿಮಾನದಲ್ಲಿ ಪಕ್ಕದವರು ಮನೆಗೆ ಹೊರಟಿದ್ದೀರಾ ಎಂದು ಕೇಳಿದಾಗ ಹೌದು ಎಂದೆ. ಹೋಗುವಾಗಲೂ ಅದೇ ಹೇಳಿದ್ದೆ.

ಮರುದಿನ ಅಂಗಡಿಗೆ ಹೋದರೆ ಲೆತೆ ಮೊದಲು ಕೇಳಿದ್ದು ಅದನ್ನೇ.

"ಖಾಲಿ ಡಬ್ಬಿ ಕೊಟ್ಟೆಲ್ಲ, ಅವ್ವ ಏನಂದ್ಲು?"

"ಬೈದ್ಲಕ್ಕಾ. ಚೊಲೋತ್ನಂಗ ಬೈದ್ಲು."

ಲೆತೆ ಕಪಾಟಿನ ಮೇಲಿನ ಹಳದಿ ಡಬ್ಬಿಯ ಕಡೆ ನೋಡಿದಳು.

"ಬೈಸ್ಕೊಂಡು ಬಂದಿ" ಎಂದಳು. "ಪುಣ್ಯ ಮಾಡಿದ್ದಿ ನೀನು."