ಕೆಮ್ಮುವ ಬಾವನಿಗೆ ಹಗ್ಗವಿಲ್ಲ

ತನ್ನ ಇ-ಸಿಗರೇಟು ಕಿತ್ತುಕೊಂಡ ಪೊಲೀಸಿನವನ ಕಿವಿಸಂದಿಯಲ್ಲೇ ಒಂದು ಬೀಡಿ ಇತ್ತು ಎಂಬುದನ್ನು ಮುತ್ತಂಗದ ಕಾಳನ್ ಇವತ್ತಿಗೂ ಮರೆತಿಲ್ಲ. ಗಡಿಯಲ್ಲಿ ಬಸ್ ನಿಲ್ಲಿಸಿ ಚೀಲ ತಡಕಾಡಿದ ಆ ಮಹಾರಾಯ, "ಇದು ನಿಷೇಧ, ಚೇಟಾ. ಮಾರೋ ಹಾಗಿಲ್ಲ, ಇಟ್ಕೊಳ್ಳೋ ಹಾಗೂ ಇಲ್ಲ" ಎಂದ.

"ಮತ್ತೆ ನಿಮ್ಮ ಕಿವೀಲಿರೋದು ಕರ್ಪೂರವಾ, ಸಾರೇ?"

ಬಸ್ಸೆಲ್ಲ ನಕ್ಕಿತು. ವಸ್ತು ಮಾತ್ರ ವಾಪಸು ಬರಲಿಲ್ಲ.

ಅದೇನು ಅವನ ಶೋಕಿಯಲ್ಲ. ಕಾಳನ್ ಹೆಜ್ಜೇನು ಕೀಳುವವನು. ಅವರಲ್ಲಿ ಮರ ಹತ್ತಿದವನ ಹಗ್ಗವನ್ನು ಹೆಂಡತಿಯ ತಮ್ಮನೇ ಹಿಡಿಯಬೇಕು. ಅಕ್ಕ ವಿಧವೆಯಾಗಲೆಂದು ಯಾವ ತಮ್ಮನೂ ಕೈ ಬಿಡುವುದಿಲ್ಲವಲ್ಲ! ಈ ಸಲ ಹೆಂಡತಿ ಅಮ್ಮಾಳುವಿನ ತಮ್ಮ ಚಾತನ್ ಹಠ ಹಿಡಿದ: "ತುದೀಲಿ ಕೆಮ್ಮಿ ಬೀಳ್ತೀಯ, ಬಾವ. ಬೀಡಿ ಬಿಡು. ಇಲ್ಲಾಂದ್ರೆ ಹಗ್ಗಾನ ಮರಕ್ಕೇ ಹಿಡಿಯೋಕೆ ಹೇಳು." ಮೂವತ್ತು ವರ್ಷದ ಬೀಡಿ ಬಿಡಿಸುತ್ತದೆಂದು ಯಾರೋ ಹೇಳಿದ್ದಕ್ಕೇ ಕಾಳನ್ ಮೈಸೂರಿನಿಂದ ಗುಟ್ಟಾಗಿ ಆ ಇ-ಸಿಗರೇಟು ತಂದದ್ದು.

ಪದ್ಮನಾಭನ್‌ನ ಚಹಾದಂಗಡಿಯಲ್ಲಿ ಪಂಚಾಯ್ತಿಯೇ ನಡೆಯಿತು.

"ಕೊಲ್ಲೋ ಬೀಡಿಗೆ ಅಂಗಡಿ, ಇದಕ್ಕೆ ಪೊಲೀಸು! ವಯಸ್ಸು ನೋಡಿ, ಒಳಗೇನಿದೆ ಅಂತ ಬರೆದು, ದೊಡ್ಡೋರಿಗೆ ಮಾತ್ರ ಮಾರಿಸ್ಲಿ!" ಎಂದು ಕಾಳನ್ ಮೇಜು ಗುದ್ದಿದ. ಚಹಾ ಚೆಲ್ಲಿತು.

ಆಶಾ ಕಾರ್ಯಕರ್ತೆಯಾದ ಮಗಳು ರೇಷ್ಮ ಸೊಂಟಕ್ಕೆ ಕೈಯಿಟ್ಟಳು. "ವಯಸ್ಸು ನೋಡೋದು ಯಾರಪ್ಪಾ, ಈ ಪದ್ಮನಾಭೇಟ್ಟನಾ? ಆರು ವರ್ಷದ ನನ್ನ ಕೈಲಿ ನಿನ್ನ ಬೀಡಿ ಕಟ್ಟು ಕೊಟ್ಟು ಕಳಿಸ್ತಿದ್ದೋರು ಇವರೇ. ನಿನ್ನ ಇ-ಸಿಗರೇಟಲ್ಲೂ ಇರೋದು ನಿಕೋಟಿನ್ನೇ."

ಪದ್ಮನಾಭನ್ ಒರೆಸಿದ ಲೋಟವನ್ನೇ ಮತ್ತೆ ಒರೆಸಿದ. ಕಾಳನ್‌ಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಎರಡೂ ಬೇಡ!" ಎಂದು ಜೇಬಿನ ಬೀಡಿ ಕಟ್ಟನ್ನು ಒಲೆಗೆಸೆದ.

ತಿಂಗಳು ಪೂರ್ತಿ ಅಮ್ಮಾಳು ಬೀಡಿಯಿಲ್ಲದೆ ಸಿಡುಕುತ್ತಿದ್ದ ಅವನ ಬಾಯಿಗೆ ಸಿಕ್ಕದಂತೆ ಓಡಾಡಿದಳು. ಆಮೇಲೊಂದು ಬೆಳಿಗ್ಗೆ ಕಾಳನ್ ಒಮ್ಮೆಯೂ ಕೆಮ್ಮದೆ ಮರ ಹತ್ತಿ, ಜೇನು ತುಂಬಿಸಿಕೊಂಡು ಇಳಿದ. ಚಾತನ್ ಹಗ್ಗ ಸುತ್ತಿಟ್ಟು ಎಂದಿನಂತೆ ಕೈ ಚಾಚಿದ. ಇಳಿದವನು ಒಂದು ಬೀಡಿಯನ್ನು ತನ್ನ ಬಾಯಲ್ಲೇ ಹೊತ್ತಿಸಿ, ಒಂದು ದಮ್ಮೆಳೆದು ಹಗ್ಗ ಹಿಡಿದವನಿಗೆ ಕೊಡುವುದು ಅವರಿಬ್ಬರ ವಾಡಿಕೆ. ಜೀವ ಕಾದದ್ದಕ್ಕೆ ಅದೇ ಕೂಲಿ.

"ಹೊತ್ತಿಸ್ಲಾ?" ಎಂದ ಕಾಳನ್.

ಚಾತನ್ ಕೈ ಹಿಂದೆ ತೆಗೆದ. "ದಮ್ಮೆಳೆದ್ರೆ ನಾಳೆ ಹಗ್ಗ ಇಲ್ಲ, ಬಾವ."

"ಹೊತ್ತಿಸದೆ ಕೊಟ್ರೆ?"

"ಅದನ್ನ ಅಂಗಡೀಲಿ ನಾನೇ ತಗೋತೀನಿ. ನಂಗೆ ಬೇಕಾದ್ದು ನೀನು ಹೊತ್ತಿಸಿದ್ದು."

ಬದಲಿಗೆ ಒಂದು ಇಡೀ ಜೇನುಹುಟ್ಟನ್ನೇ ಕೊಡಹೋದರೂ ಚಾತನ್ ಮುಟ್ಟಲಿಲ್ಲ. ಆ ಬೀಡಿ ಇನ್ನೂ ಬಾಕಿಯಿದೆ.